ಮನೆಯವರ ಮರಗೆಲಸದ ಕೋಣೆ ಅಚ್ಚುಕಟ್ಟು ಮಾಡುವುದು: ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಬಾರದು

ಮರಗೆಲಸದ ಹವ್ಯಾಸ ಇರುವವರ ಕೋಣೆಗೆ ಕಾಲಿಟ್ಟರೆ ಎಲ್ಲವೂ ಚೆಲ್ಲಾಪಿಲ್ಲಿ. ನೆಲದ ತುಂಬ ಹೊಟ್ಟು, ಬೆಂಚಿನ ಮೇಲೆ ಉಳಿಗಳು, ಮೂಲೆಯಲ್ಲಿ ತುಂಡು ಹಲಗೆಗಳ ರಾಶಿ, ಕಪಾಟಿನಲ್ಲಿ ಅರ್ಧ ಮುಗಿದ ಡಬ್ಬಗಳು. ಆದರೆ ಅಲ್ಲಿರುವುದೆಲ್ಲ ಒಂದೇ ಬಗೆಯ ಗಲೀಜಲ್ಲ. ಒಂದು ಪಾಲು ನಿಜವಾದ ಕಸ. ಇನ್ನೊಂದು ಪಾಲು ಅಪಾಯ, ಅದನ್ನು ಇವತ್ತೇ ತೆಗೆಯಬೇಕು. ಮೂರನೆಯ ಪಾಲು ನೋಡಲು ಕಸದಂತಿದ್ದರೂ ಅದರಲ್ಲಿ ವಾರಗಟ್ಟಲೆ ಕೆಲಸದ ಅಳತೆ ಕೂತಿರುತ್ತದೆ.

ಆ ಕೋಣೆಯನ್ನು ದಿನವೂ ಬಳಸದ ಗಂಡ ಅಥವಾ ಹೆಂಡತಿಗಾಗಿ ಈ ಮಾರ್ಗದರ್ಶಿ. ಇದರಲ್ಲಿ ಬರುವ ಎಲ್ಲ ಸೂಚನೆಗಳ ಹಿಂದೆ ಒಂದೇ ನಿಯಮವಿದೆ: ಸ್ವಚ್ಛ ಮಾಡುವುದೇ ಬೇರೆ, ಜಾಗ ಬದಲಿಸುವುದೇ ಬೇರೆ. ಧೂಳು ತೆಗೆಯಿರಿ, ಅಪಾಯ ತೆಗೆಯಿರಿ, ದಾರಿ ಬಿಡಿಸಿ. ಉಪಕರಣಗಳ ಜಾಗ ಬದಲಿಸುವ ಕೆಲಸವನ್ನು ಇಬ್ಬರೂ ಕೂಡಿ ಇನ್ನೊಂದು ದಿನ ಮಾಡಿ. ಬೇಸರ ಬರುವುದು ಸ್ವಚ್ಛ ಮಾಡಿದ್ದಕ್ಕಲ್ಲ, ಕೈಗೆ ಸಿಗುತ್ತಿದ್ದ ವಸ್ತು ಸಿಗದೇ ಹೋದದ್ದಕ್ಕೆ.

ಕೈ ಹಾಕುವ ಮೊದಲು

ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳು ಐದು. ಈಗ ಯಾವುದಾದರೂ ಅಂಟು ಹಚ್ಚಿ ಕ್ಲ್ಯಾಂಪ್‌ನಲ್ಲಿ ಬಿಗಿದಿದೆಯೇ? ಯಾವ ಯಂತ್ರವನ್ನು ನಿರ್ದಿಷ್ಟ ಅಳತೆಗೆ ಹೊಂದಿಸಿ ಇಡಲಾಗಿದೆ? ನಡೆಯುತ್ತಿರುವ ಕೆಲಸಕ್ಕೆ ಸೇರಿದ ಮರ ಯಾವುದು? ಇತ್ತೀಚೆಗೆ ಎಣ್ಣೆ ಅಥವಾ ವಾರ್ನಿಷ್ ಹಚ್ಚಿದ್ದು ಯಾವಾಗ, ಒರೆಸಿದ ಬಟ್ಟೆ ಎಲ್ಲಿದೆ? ಚಾರ್ಜ್ ಆಗುತ್ತಿರುವ ಬ್ಯಾಟರಿ ಇದೆಯೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ.

ಹೇಳದೆ ಕೇಳದೆ ಅಚ್ಚರಿ ಕೊಡುವ ಆಸೆಯಿದ್ದರೆ ನೆಲ, ಗೋಡೆ, ಕಪಾಟಿನ ಮೇಲ್ಭಾಗ ಮತ್ತು ಎಣ್ಣೆ ಬಟ್ಟೆಗಳಷ್ಟಕ್ಕೇ ನಿಲ್ಲಿಸಿ. ಅಷ್ಟು ಮಾಡಿದರೂ ಕೋಣೆ ಬೇರೆಯೇ ಆಗಿ ಕಾಣುತ್ತದೆ.

ಆಮೇಲೆ ಫೋಟೊ. ನಾಲ್ಕೂ ಗೋಡೆಗಳದು ಒಂದೊಂದು, ಬೆಂಚಿನ ಮೇಲ್ಮೈಯದು ನೇರ ಮೇಲಿನಿಂದ, ತೆರೆಯುವ ಪ್ರತಿ ಡ್ರಾಯರಿನದು ಒಂದು, ಪ್ರತಿ ಯಂತ್ರದ ಅಳತೆಪಟ್ಟಿ ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ಒಂದು. ಸರಿಸಿದ ವಸ್ತುವನ್ನು ಫೋಟೊ ನೋಡಿಕೊಂಡು ಅದೇ ಜಾಗಕ್ಕೆ, ಅದೇ ದಿಕ್ಕಿಗೆ ತಿರುಗಿಸಿ ಇಡಬಹುದು. ನೆನಪನ್ನು ನಂಬಿ ಕೂರಬೇಡಿ. ಹತ್ತು ವಸ್ತು ಸರಿಸಿದ ಮೇಲೆ ಮೊದಲನೆಯದರ ಜಾಗ ಯಾರಿಗೂ ನೆನಪಿರುವುದಿಲ್ಲ.

ಹತ್ತಿರ ಇಟ್ಟುಕೊಳ್ಳಬೇಕಾದ್ದು

ಎನ್95 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮುಖಗವಸು, ಕಣ್ಣಿಗೆ ಕನ್ನಡಕ, ದಪ್ಪ ಚರ್ಮದ ಕೈಗವಸು ಒಂದು ಜೊತೆ, ತೆಳು ನೈಟ್ರೈಲ್ ಕೈಗವಸು ಕೆಲವು. ಹೆಪಾ ಫಿಲ್ಟರ್ (ಅತಿ ನುಣ್ಣನೆಯ ಪುಡಿಯನ್ನೂ ಹಿಡಿಯುವ ಸೋಸುಪದರ) ಇರುವ ವ್ಯಾಕ್ಯೂಮ್ ಕ್ಲೀನರ್, 5 ಸೆಂ.ಮೀ. ಅಗಲದ ಮೆದು ಪೇಂಟ್ ಬ್ರಷ್, ಒಣ ಹತ್ತಿ ಬಟ್ಟೆ, ಒಂದು ಬಲವಾದ ಅಯಸ್ಕಾಂತ, ಬಣ್ಣದವರು ಬಳಸುವ ಕಾಗದದ ಟೇಪ್, ಗುರುತು ಹಾಕುವ ಪೆನ್ನು. ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಡಬ್ಬ ಒಂದು ಬೇಕೇಬೇಕು. ಜೊತೆಗೆ ನಾಲ್ಕು ರಟ್ಟಿನ ಪೆಟ್ಟಿಗೆ. ಅವುಗಳ ಮೇಲೆ "ಕಸ", "ವಾಪಸ್ ಇಡಬೇಕು", "ಕೇಳಬೇಕು", "ಅಪಾಯ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಈ ನಾಲ್ಕರಲ್ಲಿ "ಕೇಳಬೇಕು" ಪೆಟ್ಟಿಗೆಯೇ ಎಲ್ಲಕ್ಕಿಂತ ದೊಡ್ಡದಿರಲಿ.

ಸಡಿಲ ತೋಳಿನ ಬಟ್ಟೆ, ಇಳಿಬಿದ್ದ ದುಪಟ್ಟಾ, ಬಿಚ್ಚಿದ ಕೂದಲು ಬೇಡ. ಕಾಲಿಗೆ ಮುಚ್ಚಿದ ಬೂಟು ಇರಲಿ. ನೆಲದ ಹೊಟ್ಟಿನೊಳಗೆ ಮೊಳೆ, ಸ್ಕ್ರೂ, ಮುರಿದ ಬ್ಲೇಡಿನ ಚೂರು ಅಡಗಿರುತ್ತದೆ.

ಮೊದಲ ಹೆಜ್ಜೆ: ಎಣ್ಣೆ ಬಟ್ಟೆಗಳು

ಬೇರೆ ಏನನ್ನು ಮಾಡದಿದ್ದರೂ ಇದನ್ನು ಮಾಡಿ. ಅಗಸೆ ಎಣ್ಣೆ, ಟಂಗ್ ಎಣ್ಣೆ, ಡ್ಯಾನಿಶ್ ಆಯಿಲ್, ಎಣ್ಣೆ ಆಧಾರಿತ ವಾರ್ನಿಷ್ ಮತ್ತು ಸ್ಟೇನ್‌ಗಳು ಆರುವುದು ನೀರಿನಂತೆ ಆವಿಯಾಗಿ ಅಲ್ಲ. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ಆಗ ಶಾಖ ಹೊರಬೀಳುತ್ತದೆ. ಬಟ್ಟೆ ಹರಡಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಅದೇ ಬಟ್ಟೆ ಮುದ್ದೆಯಾಗಿ ಮೂಲೆಯಲ್ಲೋ ಕಸದ ಬುಟ್ಟಿಯಲ್ಲೋ ಬಿದ್ದಿದ್ದರೆ ಶಾಖ ಒಳಗೇ ಕೂಡಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನಷ್ಟು ಶಾಖ ಬರುತ್ತದೆ. ಕಿಡಿಯ ಹಂಗಿಲ್ಲದೆ, ಕೆಲವೇ ಗಂಟೆಗಳಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊಟ್ಟಿನ ರಾಶಿಯ ಮೇಲೆ ಬಿದ್ದ ಅಂಥ ಬಟ್ಟೆ ಇಡೀ ಮನೆಗೇ ಅಪಾಯ.

ನೈಟ್ರೈಲ್ ಕೈಗವಸು ಹಾಕಿ ಕೋಣೆಯ ಎಲ್ಲ ಬಟ್ಟೆ, ಸ್ಪಂಜು, ಒರೆಸಿದ ಕಾಗದ ಹುಡುಕಿ. ಬೆಂಚಿನ ಕೆಳಗೆ, ಏಪ್ರನ್ನಿನ ಜೇಬಿನಲ್ಲಿ, ಡಬ್ಬಗಳ ಹಿಂದೆ ನೋಡಿ. ಸಿಕ್ಕಿದ್ದನ್ನು ಮನೆಯ ಹೊರಗೆ, ನೆಲದ ಮೇಲೆ ಅಥವಾ ತಂತಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹರಡಿ. ಪೂರ್ತಿ ಗರಿಯಾಗಿ ಗಟ್ಟಿಯಾಗುವವರೆಗೆ ಹಾಗೇ ಇರಲಿ. ಹೊರಗೆ ಜಾಗವಿಲ್ಲದಿದ್ದರೆ ಲೋಹದ ಡಬ್ಬಕ್ಕೆ ಹಾಕಿ, ಬಟ್ಟೆ ಮುಳುಗುವಷ್ಟು ನೀರು ತುಂಬಿ, ಮುಚ್ಚಳ ಮುಚ್ಚಿ. ಇವುಗಳನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ, ಒಗೆದು ಒಣಗಿಸುವ ಯಂತ್ರಕ್ಕಂತೂ ಖಂಡಿತ ಬೇಡ. ಒಗೆದರೂ ನೂಲಿನಲ್ಲಿ ಎಣ್ಣೆ ಉಳಿದಿರುತ್ತದೆ, ಒಣಗಿಸುವ ಶಾಖ ಅದನ್ನು ಮತ್ತೆ ಎಬ್ಬಿಸುತ್ತದೆ.

ಕಡೆಗಣಿಸಲ್ಪಡುವ ಇನ್ನೊಂದು ಜಾಗ ಸ್ಯಾಂಡರಿನ, ಅಂದರೆ ಮರ ಉಜ್ಜಿ ನುಣುಪು ಮಾಡುವ ಯಂತ್ರದ, ಧೂಳಿನ ಚೀಲ. ವಾರ್ನಿಷ್ ಅಥವಾ ಎಣ್ಣೆ ಹಚ್ಚಿದ ಮರವನ್ನು ಉಜ್ಜಿದ ಪುಡಿ ಚೀಲದಲ್ಲೇ ಉಳಿದರೆ ಅದೂ ಒಳಗೊಳಗೇ ಕಾಯಬಲ್ಲದು. ಆ ಚೀಲವನ್ನು ಹೊರಗೆ ಕೊಂಡೊಯ್ದು, ಪುಡಿಯನ್ನು ನೀರಿನಲ್ಲಿ ನೆನೆಸಿ, ಲೋಹದ ಡಬ್ಬದಲ್ಲಿ ಇಡಿ.

ಎರಡನೆಯ ಹೆಜ್ಜೆ: ವಿದ್ಯುತ್

ಯಂತ್ರದ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ತಂತಿಯ ತುದಿ ಕಣ್ಣಿಗೆ ಕಾಣುವಂತೆ ಯಂತ್ರದ ಮೇಲೆಯೇ ಇಡಿ. ಟೇಬಲ್ ಸಾ (ಮೇಜಿನ ಗರಗಸ), ಬ್ಯಾಂಡ್ ಸಾ (ಪಟ್ಟಿ ಗರಗಸ), ಡ್ರಿಲ್ ಪ್ರೆಸ್ (ತೂತು ಕೊರೆಯುವ ಯಂತ್ರ), ರೌಟರ್ (ಮರದ ಅಂಚು, ತೋಡು ಕೊರೆಯುವ ಯಂತ್ರ), ಸಾಣೆ ಯಂತ್ರ ಎಲ್ಲಕ್ಕೂ ಇದೇ ಕ್ರಮ. ಬ್ಯಾಟರಿಯಿಂದ ನಡೆಯುವ ಉಪಕರಣವಾದರೆ ಬ್ಯಾಟರಿ ಕಳಚಿ. ಕಳಚಿದ ಬ್ಯಾಟರಿಯನ್ನು ಸ್ಕ್ರೂಗಳಿರುವ ಡಬ್ಬದಲ್ಲಿ ಹಾಕಬೇಡಿ, ಎರಡು ತುದಿಗಳ ನಡುವೆ ಲೋಹ ಕೂತರೆ ಶಾರ್ಟ್ ಆಗುತ್ತದೆ. ಉಬ್ಬಿದ, ಬಿರಿದ ಬ್ಯಾಟರಿ ಕಂಡರೆ ಚಾರ್ಜ್ ಮಾಡದೆ ಮನೆಯ ಹೊರಗೆ, ಬೆಂಕಿ ಹತ್ತದ ಜಾಗದಲ್ಲಿ ಇಟ್ಟು ತಿಳಿಸಿ. ಚಾರ್ಜರಿನ ಸುತ್ತಮುತ್ತ ಹೊಟ್ಟು ಇದ್ದರೆ ಅದನ್ನೇ ಮೊದಲು ತೆಗೆಯಿರಿ.

ಮೂರನೆಯ ಹೆಜ್ಜೆ: ಧೂಳು

ನೆಲದ ಮೇಲಿನ ಸುರುಳಿ ಸುರುಳಿ ಸಿಪ್ಪೆ ನೋಡಲು ದೊಡ್ಡದು, ಅಪಾಯ ಕಡಿಮೆ. ಉಪ್ಪು ಕಾಗದದಿಂದ, ಸ್ಯಾಂಡರಿನಿಂದ ಏಳುವ ನುಣ್ಣನೆಯ ಪುಡಿಯೇ ಶ್ವಾಸಕೋಶದ ಒಳಗಿನವರೆಗೂ ಹೋಗುವಂಥದ್ದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅದನ್ನು ಒಂದನೆಯ ಗುಂಪಿಗೆ ಸೇರಿಸಿದೆ. ಹತ್ತು ಮೈಕ್ರಾನ್‌ಗಿಂತ ಸಣ್ಣ ಕಣಗಳು ಕಣ್ಣಿಗೆ ಕಾಣದೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಆದ್ದರಿಂದ ಧೂಳು "ಹಾರಿಸುವ" ಕೆಲಸ ಬೇಡವೇ ಬೇಡ. ಒಣ ಪೊರಕೆ, ಗಾಳಿ ಊದುವ ಪಂಪು, ಜೋರಾದ ಫ್ಯಾನು ಮೂರೂ ಧೂಳನ್ನು ತೆಗೆಯುವುದಿಲ್ಲ, ಒಂದು ಕಡೆಯಿಂದ ಎಬ್ಬಿಸಿ ಇನ್ನೊಂದು ಕಡೆ ಕೂರಿಸುತ್ತವೆ. ಅಷ್ಟರಲ್ಲಿ ನಿಮ್ಮ ಶ್ವಾಸಕೋಶದ ಒಳಗೂ ಒಂದಿಷ್ಟು ಹೋಗಿರುತ್ತದೆ. ಗಾಳಿ ಊದಿದರೆ ಯಂತ್ರದ ಮೋಟಾರು, ಸ್ವಿಚ್, ಬೇರಿಂಗ್ ಒಳಗೂ ಪುಡಿ ನುಗ್ಗುತ್ತದೆ.

ಮುಖಗವಸು ಹಾಕಿ, ಕಿಟಕಿ ತೆರೆದು, ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಮಾಡಿನ ತೊಲೆ, ದೀಪದ ಕವಚ, ಕಿಟಕಿಯ ಚೌಕಟ್ಟು, ಕಪಾಟಿನ ತಲೆ. ದೀಪ ಆರಿಸಿ ತಣ್ಣಗಾಗಲು ಬಿಟ್ಟು ಮುಟ್ಟಿ. ಒಂದು ಕೈಯಲ್ಲಿ ಬ್ರಷ್, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮಿನ ಬಾಯಿ. ಬ್ರಷ್ ಪುಡಿಯನ್ನು ಸಡಿಲಿಸುತ್ತಿದ್ದಂತೆಯೇ ಅದು ಕೊಳವೆಯೊಳಗೆ ಹೋಗಬೇಕು, ನೆಲಕ್ಕೆ ಬೀಳಬಾರದು. ಹೆಪಾ ಇಲ್ಲದ ಸಾದಾ ವ್ಯಾಕ್ಯೂಮ್ ನುಣ್ಣನೆಯ ಪುಡಿಯನ್ನು ಹಿಂದಿನ ದ್ವಾರದಿಂದ ಮತ್ತೆ ಕೋಣೆಗೇ ಬಿಡುತ್ತದೆ. ಅದೊಂದೇ ಇದ್ದರೆ ದಪ್ಪ ಸಿಪ್ಪೆಗೆ ಮಾತ್ರ ಬಳಸಿ, ನುಣ್ಣನೆಯದನ್ನು ಸ್ವಲ್ಪ ತೇವ ಮಾಡಿದ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಸಾಣೆ ಯಂತ್ರದ ಕೆಳಗೆ ಬಿದ್ದ ಕಬ್ಬಿಣದ ಪುಡಿಯನ್ನು ಮರದ ಹೊಟ್ಟಿನ ಜೊತೆ ವ್ಯಾಕ್ಯೂಮಿಗೆ ಎಳೆಯಬೇಡಿ. ಆಗ ತಾನೇ ಉಜ್ಜಿದ್ದಾದರೆ ಅದರಲ್ಲಿ ಕಿಡಿ ಉಳಿದಿರಬಹುದು, ಚೀಲದಲ್ಲಿರುವ ನುಣ್ಣನೆಯ ಪುಡಿಗೆ ಅಷ್ಟು ಸಾಕು. ಸಾಣೆಯ ಜಾಗವನ್ನು ಬೇರೆಯಾಗಿ, ಒದ್ದೆ ಕಾಗದದಿಂದ ಒರೆಸಿ. ಕಬ್ಬಿಣದ ಪುಡಿಗೆ ಇನ್ನೊಂದು ದೋಷವೂ ಇದೆ. ಟ್ಯಾನಿನ್ ಎಂಬ ಒಗರು ಅಂಶ ಹೆಚ್ಚಿರುವ ಓಕ್ ನಂಥ ಮರದ ಮೇಲೆ ಅದು ಬಿದ್ದು ತೇವ ತಾಗಿದರೆ ನೀಲಿಗಪ್ಪು ಕಲೆ ಹಿಡಿಯುತ್ತದೆ. ತೇವದ ಬಟ್ಟೆಯನ್ನು ಮೊದಲು ಸಾಣೆಯ ಬಳಿ ಆಡಿಸಿ ಆಮೇಲೆ ಹಲಗೆಯ ಮೇಲೆ ಆಡಿಸಿದರೆ ಕಲೆ ಕೂತೇ ಕೂರುತ್ತದೆ.

ನೆಲವನ್ನು ಕೊನೆಗೆ ಉಳಿಸಿ. ಗುಡಿಸಲೇಬೇಕಿದ್ದರೆ ಒಂದು ಹಳೆಯ ಉಪಾಯವಿದೆ: ಎರಡು ಮೂರು ಹಿಡಿ ಹೊಟ್ಟನ್ನು ನೀರು ಚಿಮುಕಿಸಿ, ಕೈಯಲ್ಲಿ ಹಿಂಡಿದರೆ ನೀರು ಇಳಿಯದಷ್ಟು ತೇವ ಮಾಡಿ, ನೆಲದ ಒಂದು ಬದಿಗೆ ಚೆಲ್ಲಿ ಅದನ್ನೇ ತಳ್ಳುತ್ತ ಗುಡಿಸಿ. ಒಣ ಪುಡಿ ಅದಕ್ಕೆ ಅಂಟಿಕೊಂಡು ಬರುತ್ತದೆ, ಗಾಳಿಗೆ ಏಳುವುದಿಲ್ಲ. ಗುಡಿಸಿದ ರಾಶಿಯ ಮೇಲೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಡಿಸಿದರೆ ಕಬ್ಬಿಣದ ಸ್ಕ್ರೂ, ಬೇರಿಂಗ್, ಸಣ್ಣ ಆಲನ್ ಕೀ ಸಿಗುತ್ತವೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟದು, ಹಾಗಾಗಿ ರಾಶಿಯನ್ನು ಕಣ್ಣಿನಿಂದಲೂ ಒಮ್ಮೆ ಜಾಲಾಡಿ.

ತೆಗೆದ ಹೊಟ್ಟಿನಲ್ಲಿ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಬಣ್ಣ ಬಳಿದ ಮರ ಅಥವಾ ರಾಸಾಯನಿಕ ಹಾಕಿ ಕೆಡದಂತೆ ಮಾಡಿದ ಮರದ ಪುಡಿ ಸೇರಿದ್ದರೆ ಗಿಡದ ಬುಡಕ್ಕೆ, ದನಕರುಗಳ ಹಾಸಿಗೆಗೆ, ಒಲೆಗೆ ಹಾಕಬೇಡಿ. ಕಪ್ಪು ವಾಲ್‌ನಟ್ ಮರದ ಸಿಪ್ಪೆ ಅಪ್ಪಟ ಮರದ್ದೇ ಆದರೂ ಕುದುರೆಗಳ ಗೊರಸಿಗೆ ಕೇಡು. ಯಾವ ಮರದ್ದೆಂದು ಗೊತ್ತಿಲ್ಲದ ರಾಶಿಯನ್ನು ಕಸಕ್ಕೆ ಹಾಕುವುದೇ ಸರಿ.

ನಾಲ್ಕನೆಯ ಹೆಜ್ಜೆ: ಯಾವುದು ಕಸ, ಯಾವುದು ಅಲ್ಲ

ತಪ್ಪುಗಳಾಗುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಇಲ್ಲಿ ನಿಧಾನಿಸಿ.

ಬೆಂಚಿನ ಮೇಲೆ ಅಂಗೈ ಅಗಲದ ಒಂದು ಪ್ಲೈವುಡ್ ತುಂಡು ಇದೆ ಎಂದುಕೊಳ್ಳಿ. ಅಂಚು ಒರಟು, ಒಂದು ಮೂಲೆ ಮುರಿದಿದೆ, ನಡುವೆ ಎರಡು ತೂತು, ಪೆನ್ಸಿಲ್‌ನಲ್ಲಿ ಒಂದು ಗೀಟು, ಪಕ್ಕದಲ್ಲಿ "18.3" ಎಂಬ ಅಂಕಿ. ನೋಡಲು ಬಿಸಾಡುವಂಥದ್ದೇ. ಆದರೆ ಆ ತೂತುಗಳ ನಡುವಿನ ಅಂತರ ಹದಿನಾರು ಡ್ರಾಯರುಗಳ ಹಿಡಿಕೆ ಒಂದೇ ಸಾಲಿನಲ್ಲಿ ಕೂರಲು ಮಾಡಿಕೊಂಡ ಅಳತೆಯಾಗಿರಬಹುದು. ಇಂಥ ತುಂಡಿಗೆ ಜಿಗ್ ಎನ್ನುತ್ತಾರೆ. ಅರ್ಧ ಕೆಲಸ ಮುಗಿದಾಗ ಅದು ಕಳೆದರೆ ಉಳಿದ ಅರ್ಧ ಮೊದಲರ್ಧಕ್ಕೆ ಹೊಂದುವುದಿಲ್ಲ.

ಇದನ್ನು ಗುರುತಿಸಲು ಮರಗೆಲಸ ಗೊತ್ತಿರಬೇಕಿಲ್ಲ. ತುಂಡಿನ ಮೇಲೆ ಪೆನ್ಸಿಲ್ ಗುರುತು, ಅಂಕಿ, ಬಾಣ, ತ್ರಿಕೋನ ಇದ್ದರೆ. ಉದ್ದೇಶಪೂರ್ವಕ ತೂತು, ಉದ್ದನೆಯ ತೋಡು, ಓರೆ ಕತ್ತರಿಕೆ ಇದ್ದರೆ. ಎರಡು ತುಂಡುಗಳನ್ನು ಸ್ಕ್ರೂ ಹಾಕಿ ಜೋಡಿಸಿದ್ದರೆ. ಒಂದು ಮುಖಕ್ಕೆ ಉಪ್ಪು ಕಾಗದ ಅಂಟಿಸಿದ್ದರೆ. ಒಂದೇ ಅಳತೆಯ ತುಂಡುಗಳು ಕಟ್ಟಾಗಿ ಇದ್ದರೆ ಅದು ಕಸವಲ್ಲ. ಹಲಗೆಗಳ ಮೇಲೆ ಒಂದು ದೊಡ್ಡ ತ್ರಿಕೋನ ಹರಡಿಕೊಂಡಂತೆ ಗೀಟು ಕಂಡರೆ ಅವು ಯಾವ ಕ್ರಮದಲ್ಲಿ ಕೂಡಬೇಕೆಂಬ ಗುರುತು ಅದು. ಆ ಹಲಗೆಗಳನ್ನು ಕಲಸುಮೇಲೋಗರ ಮಾಡಬೇಡಿ, ಗೀಟನ್ನು ಒರೆಸಬೇಡಿ. ಉದ್ದನೆಯ ತೆಳು ಪಟ್ಟಿಯ ಮೇಲೆ ಸಾಲಾಗಿ ಗುರುತುಗಳಿದ್ದರೆ ಅದು ಒಂದು ಇಡೀ ಪೀಠೋಪಕರಣದ ಅಳತೆಗೋಲು.

ಕೆಳಗೂ ನೋಡಿ. ಬೆಂಚಿನ ಅಥವಾ ಯಂತ್ರದ ಕಾಲಿನಡಿ ತೆಳು ಬೆಣೆ, ಮಡಿಸಿದ ರಟ್ಟು ಇದ್ದರೆ ಅದನ್ನು ಎಳೆಯಬೇಡಿ. ಒರಟು ನೆಲದ ಮೇಲೆ ಬೆಂಚು ಸಮಮಟ್ಟದಲ್ಲಿ ನಿಂತಿರುವುದು ಆ ಬೆಣೆಯಿಂದ.

ಇನ್ನು ಬಿಸಾಡಬಹುದಾದದ್ದು. ಗುರುತಿಲ್ಲದ, ಹತ್ತು ಸೆಂ.ಮೀ.ಗಿಂತ ಚಿಕ್ಕ, ಒರಟು ತುದಿಯ ಸಾದಾ ಮರದ ಚೂರು. ಅಂಚು ಕುಂಬಾದ ಪ್ಲೈವುಡ್ ತುಂಡು. ನೀರು ಕುಡಿದು ಉಬ್ಬಿದ ಎಂಡಿಎಫ್. ಸವೆದು ನುಣುಪಾದ ಉಪ್ಪು ಕಾಗದ. ಒಣಗಿದ ಅಂಟು ಮೆತ್ತಿದ ಬ್ರಷ್. ಚಿಕ್ಕದಾದರೂ ಕರಿಮರ, ಬೀಟೆಯಂಥ ಗಟ್ಟಿ, ಬಣ್ಣವಿರುವ ಮರದ ಚೂರುಗಳನ್ನು "ಕೇಳಬೇಕು" ಪೆಟ್ಟಿಗೆಗೆ ಹಾಕಿ, ಅವು ಹಿಡಿಕೆಗೆ, ಬೆಣೆಗೆ, ಒಳಸೇರಿಕೆ ಅಲಂಕಾರಕ್ಕೆ ಒದಗುತ್ತವೆ. ಇದರಲ್ಲಿ ನಮ್ಮ ಅಭಿಪ್ರಾಯ ಖಚಿತ: ಅನುಮಾನ ಬಂದದ್ದನ್ನು ಬಿಸಾಡಿ ಉಳಿಸುವ ಜಾಗ ಅಂಗೈಯಷ್ಟು, ಅದು ಬೇಕಿದ್ದದ್ದೆಂದು ಆಮೇಲೆ ತಿಳಿದರೆ ಮತ್ತೆ ಮಾಡಲು ಹಿಡಿಯುವ ಹೊತ್ತು ಒಂದು ಮಧ್ಯಾಹ್ನ.

ಕ್ಲ್ಯಾಂಪ್‌ನಲ್ಲಿ ಬಿಗಿದ ಯಾವುದನ್ನೂ ಸಡಿಲಿಸಬೇಡಿ. ಬಿಳಿ, ಹಳದಿ ಮರದ ಅಂಟಿನ ಬೆಸುಗೆ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು ಸುಮಾರು 24 ಗಂಟೆ ಬೇಕು. ಅದನ್ನು ಎತ್ತಿ ಬೇರೆಡೆ ಇಡುವುದೂ ಬೇಡ. ಸಮತಟ್ಟಾದ ಜಾಗದಲ್ಲಿ ಕೂರಿಸಿದ್ದನ್ನು ಸೊಟ್ಟ ಜಾಗದಲ್ಲಿ ಇಟ್ಟರೆ ಆರಿದ ಮೇಲೆ ಸೊಟ್ಟಗೇ ನಿಲ್ಲುತ್ತದೆ.

ಐದನೆಯ ಹೆಜ್ಜೆ: ಹರಿತವಾದವು

ಉಳಿಯನ್ನು ಹಿಡಿಕೆಯಿಂದಲೇ ಎತ್ತಿ, ಬಾಯಿ ನಿಮ್ಮಿಂದ ಆಚೆಗೆ ಇರಲಿ. ಹರಿತ ನೋಡಲು ಬೆರಳು ಆಡಿಸಬೇಡಿ. ಕೈ ಜಾರಿದರೆ ಬೀಳಲು ಬಿಡಿ, ಹಿಡಿಯಲು ಹೋಗಬೇಡಿ. ಬಾಯಿ ಮುಕ್ಕಾದರೆ ಸಾಣೆ ಹಿಡಿಯಬಹುದು. ಉಳಿಗಳನ್ನು ಒಂದೇ ಡ್ರಾಯರಿಗೆ ಗುಡ್ಡೆ ಹಾಕುವುದು ದೊಡ್ಡ ತಪ್ಪು: ಡ್ರಾಯರ್ ಎಳೆದಾಗಲೆಲ್ಲ ಉಕ್ಕಿಗೆ ಉಕ್ಕು ತಾಗಿ ಒಂದೊಂದರ ಬಾಯಿಯೂ ಮುಕ್ಕಾಗುತ್ತದೆ, ಜೊತೆಗೆ ಮುಂದೆ ಡ್ರಾಯರಿಗೆ ಕೈ ಹಾಕುವವರ ಬೆರಳಿಗೂ ಅಪಾಯ. ಅವಕ್ಕೆ ಜಾಗವಿಲ್ಲದಿದ್ದರೆ ಪ್ರತಿಯೊಂದರ ಬಾಯಿಗೂ ದಪ್ಪ ರಟ್ಟನ್ನು ಮಡಚಿ ಕಾಗದದ ಟೇಪ್ ಸುತ್ತಿ.

ಮರದ ಮೇಲ್ಮೈ ಹೆರೆಯುವ ತೋಪಡದ ತಳದಿಂದ ಅಲಗು ಕಣ್ಣಿಗೆ ಕಾಣದಷ್ಟು, ಕಾಗದದ ದಪ್ಪಕ್ಕಿಂತ ಕಡಿಮೆ, ಹೊರಬಂದಿರುತ್ತದೆ. ಆ ಹೊಂದಿಕೆ ತಿರುಗಿಸುವ ಸ್ಕ್ರೂ, ಪಕ್ಕಕ್ಕೆ ಸರಿಸುವ ಸನ್ನೆ ಎರಡನ್ನೂ ಮುಟ್ಟಬೇಡಿ. ತಳವನ್ನು ಕಬ್ಬಿಣದ ಅಥವಾ ಕಾಂಕ್ರೀಟಿನ ಮೇಲೆ ಎಳೆಯದೆ, ಮುಂಭಾಗದ ಕೆಳಗೆ ಒಂದು ಸೆಂ.ಮೀ. ದಪ್ಪದ ಮರದ ಪಟ್ಟಿ ಕೊಟ್ಟು ಇಡಿ, ಇಲ್ಲವೇ ಮಲಗಿಸಿದ್ದರೆ ಹಾಗೇ ಮಲಗಿಸಿ. ಅದನ್ನು ಒರೆಸಲು ಒಣ ಬಟ್ಟೆ ಸಾಕು.

ಕೈ ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಮೇಲೆ ಭಾರ ಹೇರಿದರೆ ಅವು ಕೆಡುತ್ತವೆ. ಸುತ್ತಿ ಕಟ್ಟಿದ ಬ್ಯಾಂಡ್ ಸಾ ಬ್ಲೇಡಿನ ಕಟ್ಟು ಬಿಚ್ಚಬೇಡಿ, ಅದು ಚಿಮ್ಮಿ ಮುಖಕ್ಕೆ ಬೀಳುತ್ತದೆ. ರೌಟರಿನ ಬಿಟ್‌ಗಳು ಕಾರ್ಬೈಡಿನವು, ಉಕ್ಕಿಗಿಂತ ಗಟ್ಟಿಯಾದರೂ ಸುಲಭವಾಗಿ ಚಕ್ಕೆ ಏಳುತ್ತವೆ. ಅವು ಒಂದಕ್ಕೊಂದು ತಾಗದಂತೆ, ತೂತು ಕೊರೆದ ಮರದ ತುಂಡಿನಲ್ಲಿ ನಿಂತಿರಬೇಕು.

ಮೂಲೆ 90 ಡಿಗ್ರಿ ಇದೆಯೇ ಎಂದು ನೋಡುವ ಮೂಲೆಮಟ್ಟ ಹರಿತವಲ್ಲ, ಆದರೆ ಅದೇ ಅತಿ ಸೂಕ್ಷ್ಮ. ಒಮ್ಮೆ ಗಟ್ಟಿ ನೆಲಕ್ಕೆ ಬಿದ್ದರೆ 90 ಡಿಗ್ರಿ 90 ಆಗಿ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ. ಬಿದ್ದರೆ ಮುಚ್ಚಿಡಬೇಡಿ, ಟೇಪ್ ಅಂಟಿಸಿ "ಬಿದ್ದಿದೆ" ಎಂದು ಬರೆದಿಡಿ. ಪರೀಕ್ಷೆ ಸುಲಭ. ನೇರ ಅಂಚಿರುವ ಹಲಗೆಗೆ ಮೂಲೆಮಟ್ಟ ಒತ್ತಿ ಚೂಪು ಪೆನ್ಸಿಲ್‌ನಲ್ಲಿ ಗೀಟು ಎಳೆದು, ಅದನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೀಟು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ದೂರ ಹೋದಂತೆ ಬಿರಿದರೆ ಕೆಟ್ಟಿದೆ.

ಆರನೆಯ ಹೆಜ್ಜೆ: ಯಂತ್ರದ ಮೇಜು

ಟೇಬಲ್ ಸಾ, ಬ್ಯಾಂಡ್ ಸಾಗಳ ಮೇಜು ಬಹುಪಾಲು ಎರಕಹೊಯ್ದ ಕಬ್ಬಿಣ. ಅದಕ್ಕೆ ನೀರು ಶತ್ರು. ಒದ್ದೆ ಬಟ್ಟೆ ಆಡಿಸಿ ಬಿಟ್ಟರೆ, ತಣ್ಣನೆಯ ಲೋಟ ಇಟ್ಟರೆ, ಬೆವರಿದ ಅಂಗೈ ಊರಿದರೆ ತುಕ್ಕಿನ ಗುರುತು ಬರುತ್ತದೆ. ಒಣ ಬಟ್ಟೆಯಿಂದ ಮಾತ್ರ ಒರೆಸಿ.

ಮನೆಯೊಳಗಿನ ಪೀಠೋಪಕರಣಕ್ಕೆ ಸಿಂಪಡಿಸುವ ಹೊಳಪು ದ್ರವವನ್ನು ಈ ಕೋಣೆಗೆ ತರಲೇಬೇಡಿ. ಅವುಗಳಲ್ಲಿ ಹಲವಕ್ಕೆ ಸಿಲಿಕೋನ್ ಇರುತ್ತದೆ. ಮೇಜಿನಿಂದ ಅದು ಮರಕ್ಕೆ ಹತ್ತಿ, ಆಮೇಲೆ ಹಚ್ಚಿದ ವಾರ್ನಿಷ್ ಅಲ್ಲಲ್ಲಿ ಗುಂಡಗೆ ಕುಳಿ ಬಿದ್ದು ಹಿಂಜರಿಯುತ್ತದೆ. ಕಣ್ಣಿಗೆ ಕಾಣದ ಪದರ ಸಾಕು, ಕಾರಣ ಪತ್ತೆಯಾಗುವುದಕ್ಕೂ ಕಷ್ಟ, ಉಜ್ಜಿದರೂ ಸುಲಭಕ್ಕೆ ಹೋಗದು. ಮೇಜಿಗೆ ಹೊಳಪು ಬೇಕೆನಿಸಿದರೆ ಸಿಲಿಕೋನ್ ಇಲ್ಲದ ಗಟ್ಟಿ ಮೇಣವನ್ನು ಮನೆಯವರೇ ತೆಳುವಾಗಿ ಹಚ್ಚಿ ಒರೆಸಲಿ.

ಫೆನ್ಸ್ (ಮರ ನೇರವಾಗಿ ಸಾಗಲು ಒತ್ತಿ ಹಿಡಿಯುವ ಉದ್ದ ಪಟ್ಟಿ), ಕೋನದ ತಿರುಗುಮಾಪು, ತಡೆಗೆ ಕ್ಲ್ಯಾಂಪ್ ಮಾಡಿದ ತುಂಡು ಇವುಗಳನ್ನು ಒಂದು ಮಿ.ಮೀ. ಕೂಡ ಸರಿಸದೆ ಸುತ್ತಲೂ ಒರೆಸಿ. ಬ್ಲೇಡಿನ ಹಿಂದಿನ ತೆಳು ಲೋಹದ ತಗಡು, ಬ್ಲೇಡಿನ ಕವಚ, ಮರ ತಳ್ಳುವ ಕೋಲು ಇವು ಕೆಲಸಕ್ಕೆ ಬಾರದವುಗಳಂತೆ ಪಕ್ಕಕ್ಕೆ ಬಿದ್ದಿದ್ದರೂ ಬೆರಳುಗಳನ್ನು ಉಳಿಸುವ ಸಾಮಾನು. ಅವನ್ನು ಯಂತ್ರದ ಹತ್ತಿರವೇ, ಕೈಗೆ ಸಿಗುವಂತೆ ಇಡಿ. ತಳ್ಳುವ ಕೋಲನ್ನು ಹಳೆಯ ಮರದ ಚೂರೆಂದು ಎಸೆದ ಮನೆಗಳಿವೆ.

ಏಳನೆಯ ಹೆಜ್ಜೆ: ಹಲಗೆಗಳ ರಾಶಿ

ಹಲಗೆಗಳ ನಡುವೆ ಒಂದೇ ದಪ್ಪದ ಸಣ್ಣ ಪಟ್ಟಿಗಳಿದ್ದರೆ ಆ ಮರ ಒಣಗುತ್ತಿದೆ. ಪಟ್ಟಿಗಳಿರುವುದು ಹಲಗೆಯ ಎರಡೂ ಬದಿಗೆ ಗಾಳಿ ಸಮನಾಗಿ ಆಡಲೆಂದು. ಅವನ್ನು ತೆಗೆದು ಒತ್ತಾಗಿ ಪೇರಿಸಿದರೆ ತೇವ ಒಳಗೇ ಸಿಕ್ಕಿ ಬೂಸ್ಟು ಹಿಡಿಯುತ್ತದೆ, ಇಲ್ಲವೇ ಒಂದು ಬದಿ ಮಾತ್ರ ಒಣಗಿ ಹಲಗೆ ಬಾಗುತ್ತದೆ. ರಾಶಿ ಸರಿಸಲೇಬೇಕಾದರೆ ಪಟ್ಟಿಗಳನ್ನು ಸುಮಾರು 40ರಿಂದ 60 ಸೆಂ.ಮೀ.ಗೊಂದರಂತೆ, ಒಂದರ ಮೇಲೊಂದು ನೆಟ್ಟಗೆ ಬರುವಂತೆ ಮತ್ತೆ ಇಡಿ. ತುದಿಗೆ ಬಳಿದ ಬಣ್ಣ ಅಥವಾ ಮೇಣ ಕೆರೆಯಬೇಡಿ. ತುದಿಯಿಂದ ತೇವ ಬೇಗ ಹೋಗಿ ಸೀಳಬಾರದೆಂದು ಹಚ್ಚಿರುತ್ತಾರೆ.

ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಹಲಗೆ ಇಡಬೇಡಿ, ನೆಲದ ತೇವವನ್ನು ಅದು ಹೀರುತ್ತದೆ. ಕೆಳಗೆ ದಪ್ಪ ಮರದ ಅಡಿಕಟ್ಟು ಕೊಡಿ. ಉದ್ದ ಹಲಗೆಯನ್ನು ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಬರಬರುತ್ತ ಬಿಲ್ಲಿನಂತೆ ಬಾಗಬಹುದು. ಗಟ್ಟಿ ಆಧಾರಗಳ ಮೇಲೆ ಮಲಗಿಸಿ.

ಎಂಟನೆಯ ಹೆಜ್ಜೆ: ಅಂಟು, ಎಣ್ಣೆ, ದ್ರಾವಕ

ಡಬ್ಬದ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಹೆಸರುಪಟ್ಟಿ ಮುಂದಕ್ಕೆ ತಿರುಗಿಸಿ, ಉರಿಯುವ ಒಲೆ, ನೀರು ಕಾಯಿಸುವ ಉಪಕರಣ, ಸಾಣೆ ಯಂತ್ರಗಳಿಂದ ದೂರ ಸರಿಸಿ. ಹೆಸರಿಲ್ಲದ ಬಾಟಲಿಯನ್ನು ಮೂಸಿ ನೋಡಬೇಡಿ. ಅದು "ಅಪಾಯ" ಪೆಟ್ಟಿಗೆಗೆ. ಥಿನ್ನರ್, ಸ್ಪಿರಿಟ್, ಟರ್ಪೆಂಟೈನ್ ಇವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟಿದ್ದು ಕಂಡರೆ ತಕ್ಷಣ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಏರಿಸಿ. ಮಿಕ್ಕದ್ದನ್ನು ಚರಂಡಿಗೆ ಸುರಿಯಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಬಿಳಿ ಅಂಟು ಹಿಂಡಿದಾಗ ದಾರದಂತೆ ಎಳೆ ಬರುತ್ತಿದ್ದರೆ, ಗಂಟುಗಂಟಾಗಿದ್ದರೆ ಅದರ ಕಾಲ ಮುಗಿದಿದೆ. ಎಪಾಕ್ಸಿ ಎಂಬ, ಎರಡು ದ್ರವ ಬೆರೆಸಿ ಬಳಸುವ ಅಂಟಿನ ಎರಡು ಬಾಟಲಿಗಳು ಜೋಡಿ, ಬೇರ್ಪಡಿಸಿದರೆ ಎರಡೂ ನಿರುಪಯೋಗ. ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗಿಡಿ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಳತಾದರೆ ಗಟ್ಟಿಯಾಗುವುದಿಲ್ಲ. ಗಾಜಿನ ಚೂರಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಮುಟ್ಟಿ, ಆಗಲೂ ಅಂಟಂಟಾಗಿದ್ದರೆ ಮರಕ್ಕೆ ಹಚ್ಚಲು ಬಾರದು. ಕರಗಿಸದ ಒಣ ಅರಗಿನ ಚಕ್ಕೆಗಳನ್ನು ಒಡೆದ ಗಾಜಿನಂತಿವೆ ಎಂದು ಎಸೆಯಬೇಡಿ.

ಸಣ್ಣ ಸಾಮಾನು

ಇಲ್ಲಿ ಜಾಣತನ ಬೇಡ. ಸ್ಕ್ರೂಗಳ ಎರಡು ಡಬ್ಬ ಅರ್ಧರ್ಧ ಇದ್ದರೂ ಸೇರಿಸಬೇಡಿ. ಒಂದರಲ್ಲಿ ಹಿತ್ತಾಳೆ, ಒಂದರಲ್ಲಿ ಉಕ್ಕು, ಉದ್ದದಲ್ಲಿ ಮೂರು ಮಿ.ಮೀ. ವ್ಯತ್ಯಾಸ ಇರಬಹುದು, ಮೂರು ಮಿ.ಮೀ. ಹೆಚ್ಚು ಉದ್ದವಿರುವ ಸ್ಕ್ರೂ ಹಲಗೆಯ ಆಚೆ ಬದಿಗೆ ತೂರಿಬರಬಹುದು. ಉಪ್ಪು ಕಾಗದವನ್ನು ಹಿಂಬದಿಯ ಅಂಕಿಯಂತೆ 80, 120, 180, 240, 320 ಎಂದು ಬೇರೆ ಬೇರೆ ಇಡಿ. 80ರ ಒಂದು ಒರಟು ಕಾಳು 320ರ ಹಾಳೆಯ ನಡುವೆ ಸೇರಿದರೆ ನುಣುಪಾದ ಮರದ ಮೇಲೆ ಗೀರು ಬೀಳುತ್ತದೆ. ನೀರಿನ ಸಾಣೆಕಲ್ಲನ್ನೂ ಎಣ್ಣೆಯ ಸಾಣೆಕಲ್ಲನ್ನೂ ಒಟ್ಟಿಗೆ ಇಡಬೇಡಿ. ನೀರಿನ ಕಲ್ಲಿಗೆ ಎಣ್ಣೆ ಹೀರಿದರೆ ಮತ್ತೆ ಸರಿಮಾಡುವುದು ಕಷ್ಟ.

ಕೊನೆಯ ಸುತ್ತು

ಬಾಗಿಲಿನಿಂದ ಬೆಂಚಿನವರೆಗೆ, ಬೆಂಚಿನಿಂದ ಯಂತ್ರಗಳವರೆಗೆ ತಡೆಯಿಲ್ಲದ ಸುಮಾರು ಒಂದು ಮೀಟರ್ ದಾರಿ ಇದೆಯೇ ನೋಡಿ. ಬೆಂಕಿ ಆರಿಸುವ ಒಣ ಪುಡಿಯ ಸಿಲಿಂಡರ್ ಬಾಗಿಲ ಬಳಿ, ಏನೂ ಅಡ್ಡವಿಲ್ಲದಂತೆ ಇರಲಿ, ಅದರ ಮುಳ್ಳು ಹಸಿರು ಭಾಗದಲ್ಲಿ ನಿಂತಿರಬೇಕು. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕಣ್ಣೆದುರಿಗೆ ಇರಲಿ.

ಯಂತ್ರಗಳ ಪ್ಲಗ್ ಕಿತ್ತೇ ಇರಲಿ, ಅವನ್ನು ಮತ್ತೆ ಹಾಕುವ ಕೆಲಸ ಮನೆಯವರದು. ಚಾಲೂ ಮಾಡುವ ಮೊದಲು ಡ್ರಿಲ್‌ನ ಚಕ್ ಕೀ (ಬಿಟ್ ಬಿಗಿಯುವ ಕೀಲಿ) ಒಳಗೇ ಉಳಿದಿಲ್ಲ, ಬ್ಲೇಡಿನ ಹತ್ತಿರ ಬಟ್ಟೆ ಬ್ರಷ್ ಇಲ್ಲ, ಫೆನ್ಸ್ ಅಳತೆ ಫೋಟೊದಲ್ಲಿದ್ದಂತೆಯೇ ಇದೆ ಎಂದು ಅವರೇ ನೋಡಿಕೊಳ್ಳಬೇಕು. ಸರಿಸಿದ ಪ್ರತಿ ವಸ್ತುವಿನ ಹೆಸರು, ಮೊದಲಿದ್ದ ಜಾಗ, ಈಗಿನ ಜಾಗ ಬರೆದ ಹಾಳೆಯನ್ನು ಬೆಂಚಿನ ಮೇಲೆ ಇಡಿ. "ಕೇಳಬೇಕು" ಪೆಟ್ಟಿಗೆಗೆ ದಿನಾಂಕ ಬರೆದು ಅದರ ಪಕ್ಕದಲ್ಲಿಡಿ. "ಕಸ" ಪೆಟ್ಟಿಗೆಯನ್ನು ಮನೆಯವರು ಒಮ್ಮೆ ಕೈಯಾಡಿಸಿ ನೋಡಿದ ಮೇಲಷ್ಟೇ ಹೊರಗೆ ಹಾಕಿ.